ಹೈಸ್ಕೂಲಿನ ಬ್ಯಾಗಿನಲ್ಲಿ ಕಾಲೇಜಿನ ಪುಸ್ತಕ

ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ಇದ್ದರೆ ಈ ಪ್ರಶ್ನೆ ನಿಮಗೆ. ಒಂದು ದಿನ ಆ ಮಗು ವಿಜ್ಞಾನದ ಪುಸ್ತಕವನ್ನು ಮುಚ್ಚಿಟ್ಟು, "ಇದರ ಮುಂದೆ ಏನಿದೆ?" ಎಂದು ಕೇಳಿದರೆ ನೀವು ಏನೆಂದು ಉತ್ತರಿಸುತ್ತೀರಿ?

ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಎರಡೇ ಉತ್ತರಗಳಿವೆ. "ಅದೆಲ್ಲ ಕಾಲೇಜಿನಲ್ಲಿ ಬರುತ್ತದೆ, ಈಗ ಪರೀಕ್ಷೆಗೆ ಇರುವುದನ್ನು ಓದು" ಎಂಬುದು ಒಂದು. ಸ್ವಲ್ಪ ಅನುಕೂಲವಿರುವ ಮನೆಗಳಲ್ಲಿ ಇನ್ನೊಂದು ಉತ್ತರ ಸಿದ್ಧವಿರುತ್ತದೆ: ಎಂಟನೆಯ ತರಗತಿಯಿಂದಲೇ ಡಾಕ್ಟರ್, ಇಂಜಿನಿಯರ್ ಮಾಡಿಕೊಡುತ್ತೇವೆ ಎನ್ನುವ 'ಫೌಂಡೇಶನ್ ಕೋರ್ಸ್'ಗೆ ಸೇರಿಸಿಬಿಡುವುದು. ಮೊದಲನೆಯ ಉತ್ತರ ಮಗುವಿನ ಹಸಿವನ್ನು ಕೊಲ್ಲುತ್ತದೆ. ಎರಡನೆಯದು ಹಸಿವಿಲ್ಲದ ಮಗುವಿಗೂ ಒತ್ತಾಯದಿಂದ ಉಣಿಸುತ್ತದೆ. ಆದರೆ ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ವಿಜ್ಞಾನವನ್ನು ಸ್ವಲ್ಪ ಸ್ವಲ್ಪವಾಗಿ, ಸಾಲ ಮಾಡದೆ, ಮಗುವಿನ ಇಷ್ಟದಂತೆಯೇ ಕಲಿಯುವ ದಾರಿ ಅದು. ಮೈಸೂರಿನಂತಹ ಊರಿನಲ್ಲಿರುವವರಿಗೆ ಆ ದಾರಿ ಮನೆಯ ಹತ್ತಿರದಲ್ಲೇ ಇದೆ. ನಾವು ಅದರ ಕಡೆ ನೋಡುತ್ತಿಲ್ಲ, ಅಷ್ಟೆ.

ಬೇರೆಡೆ ಹೇಗೆ, ನಮ್ಮಲ್ಲಿ ಹೇಗೆ?

ಅಮೆರಿಕದಲ್ಲಿ ಹೈಸ್ಕೂಲಿನ ವಿದ್ಯಾರ್ಥಿಯೊಬ್ಬ ಮಧ್ಯಾಹ್ನದ ಬಳಿಕ ಹತ್ತಿರದ ಕಾಲೇಜಿಗೆ ಹೋಗಿ ರಸಾಯನಶಾಸ್ತ್ರದ ಒಂದು ಕೋರ್ಸ್ ಮಾಡಬಹುದು. ಅದರ ಅಂಕ ಅವನ ಖಾತೆಯಲ್ಲಿ ಉಳಿಯುತ್ತದೆ. ಮುಂದೆ ಪದವಿಗೆ ಸೇರಿದಾಗ ಅನೇಕ ಕಾಲೇಜುಗಳು ಅದನ್ನು ಪರಿಗಣಿಸುತ್ತವೆ. ಹೈಸ್ಕೂಲಿನ ಒಳಗೇ ಕಾಲೇಜು ಮಟ್ಟದ ಪಾಠ ಮಾಡಿ ಪರೀಕ್ಷೆ ನಡೆಸುವ 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ಎಂಬ ವ್ಯವಸ್ಥೆಯೂ ಅಲ್ಲಿ 1950ರ ದಶಕದಿಂದ ಇದೆ.

ನಮ್ಮ ರಾಜ್ಯದಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ಎಸ್‌.ಎಸ್‌.ಎಲ್‌.ಸಿ. ಎಂಬುದು ದೊಡ್ಡ ಗೋಡೆ. ಗೋಡೆಯ ಈಚೆ ಹೈಸ್ಕೂಲು, ಆಚೆ 'ಕಾಲೇಜು'. ಬೇರೆ ರಾಜ್ಯಗಳಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿ ಎಂದು ಶಾಲೆಯಲ್ಲೇ ಮುಂದುವರಿಯುವುದನ್ನು ನಾವು ಪಿಯುಸಿ ಎಂದು ಕರೆದು ಕಾಲೇಜಿನ ಲೆಕ್ಕಕ್ಕೆ ಸೇರಿಸಿದ್ದೇವೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಪದವಿಯ ಒಂದು ಪಾಠವನ್ನು ಕಲಿತು ಮುಗಿಸಿದರೂ ಅದನ್ನು ಅಂಕವಾಗಿ ಜಮೆ ಮಾಡಿಕೊಳ್ಳುವ ಪದ್ಧತಿ ನಮ್ಮ ಊರಿನ ಶಾಲೆಗಳಲ್ಲಿ ಇಲ್ಲ. ಆದ್ದರಿಂದ ಇಲ್ಲಿ ಮುಂದಿನದನ್ನು ಕಲಿಯುವ ಮಗುವಿಗೆ ಸಿಗುವುದು ಅಂಕವಲ್ಲ, ಅರಿವು. ಹೆತ್ತವರು ಮೊದಲು ಈ ಮಾತನ್ನು ಮನಸ್ಸಿಗೆ ತಂದುಕೊಂಡರೆ ಅನೇಕ ತಪ್ಪು ನಿರೀಕ್ಷೆಗಳು ತಾವಾಗಿಯೇ ಕಳಚಿ ಬೀಳುತ್ತವೆ.

ಅಡಿಗೆಮನೆಯಿಂದ ಭಾರತರತ್ನದವರೆಗೆ

ಈ ಗೋಡೆಯನ್ನು ಬೇಗನೆ ದಾಟಿದವರು ನಮ್ಮ ನಾಡಿನಲ್ಲೇ ಇದ್ದಾರೆ. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ.ಎನ್‌.ಆರ್‌. ರಾವ್ ಅವರ ಮೊದಲ ಶಾಲೆ ಮನೆಯೇ. ಮೊದಲ ಗುರು ತಾಯಿ. ಆ ತಾಯಿ ಲೆಕ್ಕದಲ್ಲಿ ಗಟ್ಟಿಗಿತ್ತಿ. ಮಗನಿಗೆ ಮನೆಯಲ್ಲೇ ಎಷ್ಟು ಕಲಿಸಿದ್ದರೆಂದರೆ, ಆರರ ಹರೆಯದಲ್ಲಿ ಆತ ನೇರವಾಗಿ ಮಾಧ್ಯಮಿಕ ಶಾಲೆಗೆ ಸೇರಿದರು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾಗಿದ್ದರೂ ಜೊತೆಯವರಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದುವಾಗ ರಸಾಯನಶಾಸ್ತ್ರದ ರುಚಿ ಹತ್ತಿತು. ಆ ಶಾಲೆಗೆ ಬಂದ ಸರ್ ಸಿ.ವಿ. ರಾಮನ್ ಅವರನ್ನು ಕಂಡದ್ದು ಹುಡುಗನ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿಯಿತು. 1947ರಲ್ಲಿ ಎಸ್‌.ಎಸ್‌.ಎಲ್‌.ಸಿ. ಮುಗಿಸಿದಾಗ ವಯಸ್ಸು ಹದಿಮೂರು. 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿ ಕೈಗೆ ಬಂದಾಗ ಹದಿನೇಳರ ಆಸುಪಾಸು. ಮುಂದೆ ಅವರು ಪಡೆದ ಭಾರತರತ್ನದ ವಿಷಯ ಎಲ್ಲರಿಗೂ ಗೊತ್ತು.

ಈ ಕತೆಯಲ್ಲಿ ನೀವು ವಯಸ್ಸನ್ನು ಮಾತ್ರ ನೋಡಿದರೆ ಮುಖ್ಯವಾದುದನ್ನು ಬಿಟ್ಟಂತಾಗುತ್ತದೆ. ಆ ಮನೆಯಲ್ಲಿ ಮಗುವಿನ ಜೊತೆ ಕುಳಿತು ಲೆಕ್ಕ ಮಾಡುವ ತಾಯಿ ಇದ್ದರು. ಆ ಶಾಲೆಗೆ ದೊಡ್ಡ ವಿಜ್ಞಾನಿಯೊಬ್ಬರು ನಡೆದು ಬಂದಿದ್ದರು. ವೇಗ ಅದರ ಫಲ ಮಾತ್ರ. ನಾವಾದರೋ ಬೇರನ್ನು ಬಿಟ್ಟು ಫಲವನ್ನು ಕೊಂಡು ತರಲು ಅಂಗಡಿಗೆ ಹೋಗುತ್ತಿದ್ದೇವೆ.

ಆ 'ಅರ್ಧ' ಎಲ್ಲಿಂದ ಬಂತು?

ಕಾಲೇಜಿನ ವಿಜ್ಞಾನ ಎಂದ ಕೂಡಲೇ ದಪ್ಪ ಪುಸ್ತಕ, ದೊಡ್ಡ ಲ್ಯಾಬೊರೇಟರಿ ನೆನಪಾಗಿ ಹೆದರಬೇಡಿ. ಅದರ ಬಾಗಿಲು ನಿಮ್ಮ ಮಗುವಿನ ಈಗಿನ ಪುಸ್ತಕದಲ್ಲೇ ಇದೆ. ಒಂದು ಉದಾಹರಣೆ ನೋಡೋಣ.

ಒಂಬತ್ತನೆಯ ತರಗತಿಯಲ್ಲಿ ಚಲನೆಯ ಪಾಠವಿದೆ. ನಿಂತಲ್ಲಿಂದ ಹೊರಟ ವಸ್ತು ಎಷ್ಟು ದೂರ ಸಾಗುತ್ತದೆ ಎಂಬ ಸೂತ್ರದಲ್ಲಿ 'ಅರ್ಧ' ಎಂದು ಬರುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಅಪರೂಪಕ್ಕೆ ಒಂದು ಮಗು ಕೇಳುತ್ತದೆ: "ಈ ಅರ್ಧ ಎಲ್ಲಿಂದ ಬಂತು?"

ನಿಲ್ದಾಣದಿಂದ ಹೊರಟ ಸಿಟಿ ಬಸ್ಸನ್ನು ಊಹಿಸಿಕೊಳ್ಳಿ. ಹತ್ತು ಸೆಕೆಂಡುಗಳಲ್ಲಿ ಅದರ ವೇಗ ಸೊನ್ನೆಯಿಂದ ಸೆಕೆಂಡಿಗೆ 10 ಮೀಟರ್‌ಗೆ ಒಂದೇ ಸಮನೆ ಏರಿತು ಎನ್ನೋಣ. ಮೊದಲಿನಿಂದಲೂ 10 ಮೀಟರ್ ವೇಗವಿದ್ದಿದ್ದರೆ ಅದು 100 ಮೀಟರ್ ಸಾಗುತ್ತಿತ್ತು. ಸೊನ್ನೆಯಿಂದ ಹೊರಟದ್ದರಿಂದ ಅದರ ಸರಾಸರಿ ವೇಗ 5 ಮಾತ್ರ. ಸಾಗಿದ ದೂರ 50 ಮೀಟರ್. ಇದನ್ನೇ ಚೌಕಳಿ ಹಾಳೆಯಲ್ಲಿ ಬರೆದರೆ ಒಂದು ತ್ರಿಕೋನ ಮೂಡುತ್ತದೆ. ತ್ರಿಕೋನವು ಆಯತದ ಅರ್ಧ. ಅರ್ಧ ಬಂದದ್ದು ಅಲ್ಲಿಂದ!

ಈಗ ಮುಂದಿನ ಪ್ರಶ್ನೆ. ಬಸ್ಸಿನ ವೇಗ ಒಂದೇ ಸಮನೆ ಏರದೆ, ಸಿಗ್ನಲ್‌ನಲ್ಲಿ ಇಳಿದು, ಮತ್ತೆ ಏರಿ, ವಕ್ರವಾಗಿ ಸಾಗಿದರೆ? ಆಗ ಆ ಚಿತ್ರವನ್ನು ತೆಳ್ಳಗಿನ ಪಟ್ಟಿಗಳಾಗಿ ಸೀಳಿ, ಒಂದೊಂದರ ವಿಸ್ತೀರ್ಣ ಕಂಡು, ಎಲ್ಲವನ್ನೂ ಕೂಡಿಸಬೇಕು. ಪಟ್ಟಿಗಳು ತೆಳುವಾದಷ್ಟೂ ಉತ್ತರ ನಿಖರವಾಗುತ್ತದೆ. ಪಿಯುಸಿ ಮತ್ತು ಪದವಿಯಲ್ಲಿ ಮಕ್ಕಳನ್ನು ನಡುಗಿಸುವ ಇಂಟಿಗ್ರೇಶನ್ ಎಂಬುದರ ಮೂಲ ವಿಚಾರ ಇದೇ. ನೋಡಿ, ಹದಿನಾಲ್ಕು ವರ್ಷದ ಮಗು ಒಂದು ಪೆನ್ಸಿಲ್ ಮತ್ತು ಒಂದು ಹಾಳೆಯೊಂದಿಗೆ ಕಾಲೇಜಿನ ಹೊಸ್ತಿಲ ಮೇಲೆ ನಿಂತುಬಿಟ್ಟಿತು.

ಇದು ಜಾಣ ಮಕ್ಕಳಿಗೆ ಮಾತ್ರ ಬೇಕಾದ ವಿಷಯ ಎಂದುಕೊಳ್ಳಬೇಡಿ. ಪ್ರಥಮ ಪಿಯುಸಿಯ ಭೌತಶಾಸ್ತ್ರ ಮೊದಲ ಕೆಲವು ಅಧ್ಯಾಯಗಳಲ್ಲೇ ಈ ಬಗೆಯ ಗಣಿತವನ್ನು ಬಳಸತೊಡಗುತ್ತದೆ. ಆದರೆ ಅದೇ ವರ್ಷದ ಗಣಿತ ಪುಸ್ತಕದಲ್ಲಿ ಮಿತಿ ಮತ್ತು ಅವಕಲನದ ಪಾಠ ಕೊನೆಯ ಭಾಗದಲ್ಲಿದೆ. ಜೊತೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಿಂದ ಬಂದ ಮಗುವಿಗೆ ಇಂಗ್ಲಿಷ್‌ನಲ್ಲಿ ನಡೆಯುವ ಪಾಠ. ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದ ಎಷ್ಟೋ ಮಕ್ಕಳು ಪಿಯುಸಿಯ ಮೊದಲ ತಿಂಗಳುಗಳಲ್ಲೇ "ಸೈನ್ಸ್ ನನ್ನಿಂದಾಗದು" ಎಂದು ಕೈಚೆಲ್ಲುವುದಕ್ಕೆ ಈ ಎರಡು ಕಂದಕಗಳು ದೊಡ್ಡ ಕಾರಣ. ತಪ್ಪು ಮಗುವಿನ ಬುದ್ಧಿಯದಲ್ಲ. ಪರೀಕ್ಷೆ ಮುಗಿದ ಬಳಿಕ ಕಾಲೇಜು ಶುರುವಾಗುವ ತನಕ ಸಿಗುವ ರಜೆಯಲ್ಲಿ ಇಷ್ಟನ್ನು ಮೊದಲೇ ಕಂಡಿದ್ದರೆ ಕಂದಕವನ್ನು ನಿರಾಯಾಸವಾಗಿ ದಾಟಬಹುದಿತ್ತು.

ಮೈಸೂರಿನ ತೆರೆದ ಬಾಗಿಲುಗಳು

ಉದಯಗಿರಿಯಲ್ಲೋ ಮಂಡಿ ಮೊಹಲ್ಲಾದಲ್ಲೋ ವಾಸವಿರುವ ಒಂದು ಕುಟುಂಬಕ್ಕೆ ಮಾನಸಗಂಗೋತ್ರಿ ಎಂದರೆ ಬೇರೆಯೇ ಲೋಕ. ಬಸ್ಸಿನಲ್ಲಿ ಹೋದರೆ ಅರ್ಧ ದಿನವೂ ಬೇಡ. ಆದರೆ ಮನಸ್ಸಿನಲ್ಲಿ ಅದು ಬಹಳ ದೂರ. ಈ ದೂರವನ್ನು ಕಡಿಮೆ ಮಾಡುವುದು ಹೆತ್ತವರ ಕೈಯಲ್ಲಿದೆ.

ಅಲ್ಲಿರುವ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನೇ ನೋಡಿ. 1963ರಲ್ಲಿ ಆರಂಭವಾದ ಈ ಸಂಸ್ಥೆಯ ಆವರಣದಲ್ಲಿ ಒಂದು ಕಡೆ ಶಾಲಾ ಮಕ್ಕಳು ಓದುತ್ತಾರೆ, ಇನ್ನೊಂದು ಕಡೆ ವಿಜ್ಞಾನ ಪದವಿಯ ವಿದ್ಯಾರ್ಥಿಗಳು ಶಿಕ್ಷಕರಾಗಲು ಕಲಿಯುತ್ತಾರೆ. ಹೈಸ್ಕೂಲು ಮತ್ತು ಕಾಲೇಜು ಅಕ್ಕಪಕ್ಕದಲ್ಲಿದ್ದರೆ ಎರಡಕ್ಕೂ ಲಾಭ ಎಂಬ ವಿಚಾರ ಇಲ್ಲಿ ಅರವತ್ತು ವರ್ಷಗಳಿಂದ ನಡೆದು ಬಂದಿದೆ.

ಚೆಲುವಾಂಬ ಅರಮನೆಯಲ್ಲಿರುವ ಸಿ.ಎಫ್‌.ಟಿ.ಆರ್‌.ಐ. 1950ರಿಂದ ಆಹಾರದ ವಿಜ್ಞಾನವನ್ನು ಸಂಶೋಧಿಸುತ್ತಿದೆ. ಅದು ಸೇರಿದ ಸಿ.ಎಸ್‌.ಐ.ಆರ್‌. 2017ರಲ್ಲಿ 'ಜಿಜ್ಞಾಸಾ' ಎಂಬ ಕಾರ್ಯಕ್ರಮವನ್ನು ಆರಂಭಿಸಿ ಶಾಲಾ ಮಕ್ಕಳನ್ನು ತನ್ನ ಪ್ರಯೋಗಾಲಯಗಳಿಗೆ ಬರಮಾಡಿಕೊಳ್ಳುತ್ತಿದೆ. ನಿಮ್ಮ ಮಗುವಿನ ಶಾಲೆ ಇದರಲ್ಲಿ ಭಾಗವಹಿಸಿದೆಯೇ? ಇಲ್ಲವಾದರೆ ಪೋಷಕರ ಸಭೆಯಲ್ಲಿ ಕೇಳಿ. ಒಂದು ಪತ್ರ ಬರೆಯಲು ಶಾಲೆಗೆ ಖರ್ಚಿಲ್ಲ.

ಜೀವಶಾಸ್ತ್ರದಲ್ಲಿ ಆಸಕ್ತಿ ಇರುವ ಮಗುವಿಗೆ ಕಾರಂಜಿ ಕೆರೆಯ ದಂಡೆಯಲ್ಲಿ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವಿದೆ. 1892ರಿಂದ ಇರುವ ಚಾಮರಾಜೇಂದ್ರ ಮೃಗಾಲಯವು ಹದಿಹರೆಯದ ಮಕ್ಕಳಿಗಾಗಿ ಯೂತ್ ಕ್ಲಬ್ ನಡೆಸಿಕೊಂಡು ಬಂದಿದೆ. ನಾವು ಈ ಎರಡೂ ಕಡೆ ನೆಂಟರು ಬಂದಾಗ ಮಾತ್ರ ಹೋಗುತ್ತೇವೆ!

ಭಾಷೆಯ ಭಯ ಇರುವವರಿಗೂ ಈ ಊರಿನಲ್ಲಿ ಆಸರೆ ಇದೆ. ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು 1930ರ ದಶಕದಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟು, ಅದನ್ನು ಚಿಕ್ಕ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಹಂಚಿದರು. ಆ ಪರಂಪರೆಯಲ್ಲಿ ಬಂದ ಜೆ.ಆರ್‌. ಲಕ್ಷ್ಮಣರಾವ್, ಜಿ.ಟಿ. ನಾರಾಯಣ ರಾವ್ ಇಬ್ಬರೂ ಮೈಸೂರಿನಲ್ಲಿ ನೆಲೆಸಿ, ಕಾಲೇಜಿನ ವಿಜ್ಞಾನವನ್ನು ಹೈಸ್ಕೂಲಿನ ಮಗುವಿಗೂ ಅರ್ಥವಾಗುವ ಕನ್ನಡದಲ್ಲಿ ಜೀವಮಾನವಿಡೀ ಬರೆದರು. ಅವರ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಕೇಳಿ ಪಡೆಯಿರಿ. ವಿಚಾರ ಮೊದಲು ತಾನು ಬಲ್ಲ ಭಾಷೆಯಲ್ಲಿ ತಲೆಗೆ ಹತ್ತಿದರೆ ಇಂಗ್ಲಿಷ್ ಪದಗಳು ಹಿಂದಿನಿಂದ ಬರುತ್ತವೆ.

ಮನೆಯಲ್ಲೇ ಕುಳಿತು ಕಲಿಯುವುದಾದರೆ

ಎನ್‌.ಸಿ.ಇ.ಆರ್‌.ಟಿ.ಯ ಹನ್ನೊಂದು, ಹನ್ನೆರಡನೆಯ ತರಗತಿಯ ವಿಜ್ಞಾನ ಪುಸ್ತಕಗಳು ಇಂಟರ್‌ನೆಟ್‌ನಲ್ಲಿ ಉಚಿತ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ಜಾಲತಾಣದಲ್ಲಿ ಒಂಬತ್ತನೆಯ ತರಗತಿಯಿಂದ ಸ್ನಾತಕೋತ್ತರದವರೆಗಿನ ಪಾಠಗಳಿವೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ 'ಎನ್‌ಪಿಟೆಲ್' ಪಾಠಗಳನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಕೆಲವು ಪಾಠಗಳ ಬರಹರೂಪ ಕನ್ನಡದಲ್ಲೂ ಸಿಗುತ್ತದೆ. ಮದ್ರಾಸ್ ಐಐಟಿಯ ಡೇಟಾ ಸೈನ್ಸ್ ಪದವಿಯ ಅರ್ಹತಾ ಹಂತಕ್ಕೆ ಹನ್ನೊಂದನೆಯ ತರಗತಿಯ ಪರೀಕ್ಷೆ ಬರೆದವರೂ ಅರ್ಜಿ ಹಾಕಬಹುದು. ತೇರ್ಗಡೆಯಾದವರು ಹನ್ನೆರಡನೆಯದನ್ನು ಮುಗಿಸಿ ಪದವಿಗೆ ಸೇರುತ್ತಾರೆ. ನಮ್ಮ ದೇಶದಲ್ಲಿ ಗೋಡೆಯಲ್ಲಿ ಬಿದ್ದಿರುವ ಒಂದು ಕಿಂಡಿ ಇದು.

ತನ್ನ ಅರಿವನ್ನು ಅಳೆದು ನೋಡಬಯಸುವ ಮಗುವಿಗೆ ಒಲಿಂಪಿಯಾಡ್‌ಗಳಿವೆ. ಭೌತಶಾಸ್ತ್ರ ಅಧ್ಯಾಪಕರ ಭಾರತೀಯ ಸಂಘವು ನಡೆಸುವ ಜೂನಿಯರ್ ಸೈನ್ಸ್ ಪರೀಕ್ಷೆಗೆ ಹತ್ತನೆಯ ತರಗತಿಯವರೆಗಿನ ಮಕ್ಕಳು ಕುಳಿತುಕೊಳ್ಳಬಹುದು. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ. ಗೆಲ್ಲದಿದ್ದರೂ ಅದರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲು ಯತ್ನಿಸುವುದೇ ಒಂದು ಶಿಕ್ಷಣ.

ಒಂದು ಎಚ್ಚರಿಕೆ: ನೆಂಟರ ಬಾಯಿಂದ ಕೇಳಿದ ಹಳೆಯ ಮಾಹಿತಿಯನ್ನು ನೆಚ್ಚಬೇಡಿ. ಹಿಂದೆ ಹೆಸರುವಾಸಿಯಾಗಿದ್ದ ಕೆ.ವಿ.ಪಿ.ವೈ. ಯೋಜನೆ 2022ರಲ್ಲಿ 'ಇನ್‌ಸ್ಪೈರ್' ಯೋಜನೆಯೊಳಗೆ ಸೇರಿಹೋಯಿತು. ಹತ್ತನೆಯ ತರಗತಿಯವರ ಎನ್‌.ಟಿ.ಎಸ್‌.ಇ. ಪರೀಕ್ಷೆ 2021ರ ಬಳಿಕ ಸ್ಥಗಿತಗೊಂಡಿತು. ಅವುಗಳ ಹೆಸರಿನಲ್ಲಿ ಯಾರಾದರೂ ತರಬೇತಿಗೆ ಹಣ ಕೇಳಿದರೆ ಎರಡು ಬಾರಿ ಯೋಚಿಸಿ.

ರಾಮಾನುಜನ್ ಕಲಿಸುವ ಎರಡು ಪಾಠಗಳು

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಕುಂಭಕೋಣದ ಬಡಮನೆಯ ಹುಡುಗ. ಮನೆಯಲ್ಲಿ ಬಾಡಿಗೆಗಿದ್ದ ಕಾಲೇಜು ವಿದ್ಯಾರ್ಥಿಗಳಿಂದ ಅವರ ಗಣಿತವನ್ನೆಲ್ಲ ಕಲಿತುಬಿಟ್ಟರು. ಹದಿನಾರರ ಸುಮಾರಿಗೆ ಕಾಲೇಜು ಗ್ರಂಥಾಲಯದಿಂದ ಎರವಲು ಬಂದ ಒಂದು ಪುಸ್ತಕ ಅವರ ಬದುಕನ್ನೇ ಬದಲಿಸಿತು. ಕಾಗದಕ್ಕೆ ದುಡ್ಡಿಲ್ಲದೆ ಸ್ಲೇಟಿನ ಮೇಲೆ ಲೆಕ್ಕ ಮಾಡಿದರು. ಇದು ಮೊದಲ ಪಾಠ: ಬಡತನ ಬಾಗಿಲು ಮುಚ್ಚಲಾರದು, ಎರವಲು ಪುಸ್ತಕವೊಂದು ಸಾಕು.

ಎರಡನೆಯ ಪಾಠ ಕಹಿಯಾದುದು. ಅದೇ ರಾಮಾನುಜನ್ ಕಾಲೇಜಿಗೆ ಸೇರಿದ ಮೇಲೆ ಗಣಿತವೊಂದನ್ನೇ ಹಿಡಿದು ಉಳಿದ ವಿಷಯಗಳನ್ನು ಕೈಬಿಟ್ಟರು. ಅನುತ್ತೀರ್ಣರಾಗಿ ವಿದ್ಯಾರ್ಥಿವೇತನ ಕಳಕೊಂಡರು. ಆ ಬಳಿಕದ ವರ್ಷಗಳು ಹಸಿವಿನ ವರ್ಷಗಳು. ಎಲ್ಲ ಮಕ್ಕಳ ಕೈ ಹಿಡಿಯಲು ದೂರದಿಂದ ಒಬ್ಬ ಹಾರ್ಡಿ ಬರುವುದಿಲ್ಲ. ಆದ್ದರಿಂದ ಮುಂದಿನದನ್ನು ಓದುವ ಮಗು ಇಂದಿನದನ್ನು ಬಿಡದಂತೆ ನೋಡಿಕೊಳ್ಳಿ. ಕನ್ನಡ, ಸಮಾಜ ವಿಜ್ಞಾನದ ಅಂಕ ಕುಸಿದರೆ ಸೀಟೂ ಸ್ಕಾಲರ್‌ಶಿಪ್ಪೂ ಕೈತಪ್ಪುತ್ತದೆ.

ಶಾಲೆ, ಮದ್ರಸಾ, ಮನೆಗೆಲಸ, ಆಟ ಇವುಗಳ ನಡುವೆ ಮಗುವಿನ ದಿನದಲ್ಲಿ ಉಳಿಯುವ ಸಮಯವೆಷ್ಟು? ಅದರಲ್ಲಿ ಇನ್ನೂ ಮೂರು ಗಂಟೆಯ ಕೋಚಿಂಗ್ ತುರುಕಿದರೆ ನಿದ್ದೆ ಹೋಗುತ್ತದೆ, ನಗು ಹೋಗುತ್ತದೆ, ಕೊನೆಗೆ ವಿಜ್ಞಾನದ ಮೇಲಿನ ಪ್ರೀತಿಯೂ ಹೋಗುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ಹದಿನಾರು ವರ್ಷಕ್ಕಿಂತ ಕೆಳಗಿನ ಮಕ್ಕಳನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು, ಹತ್ತನೆಯ ತರಗತಿಯ ಪರೀಕ್ಷೆಯ ನಂತರವೇ ಪ್ರವೇಶ ಕೊಡಬೇಕು, ರ‍್ಯಾಂಕಿನ ಖಾತರಿ ನೀಡಬಾರದು ಎಂದು ಹೇಳಿತು. ಎಂಟನೆಯ ತರಗತಿಯ ಮಗುವಿಗಾಗಿ ಒಡವೆ ಅಡವಿಡುವ ಮುಂಚೆ ಇದನ್ನು ನೆನಪಿಡಿ.

ಮಗಳ ಪ್ರಶ್ನೆಗೂ ಉತ್ತರ ಬೇಕು

ಮನೆಯಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್. ಸಂಜೆ ಅದು ಯಾರ ಕೈಯಲ್ಲಿರುತ್ತದೆ? ಮಗ ಗ್ರಂಥಾಲಯಕ್ಕೆ ಹೋಗಿ ಬರುತ್ತೇನೆಂದರೆ ಒಪ್ಪಿಗೆ. ಮಗಳು ಅದೇ ಮಾತು ಹೇಳಿದರೆ ಹತ್ತು ಪ್ರಶ್ನೆಗಳು. ಫಲಿತಾಂಶದ ದಿನ ನಮ್ಮ ಹೆಣ್ಣುಮಕ್ಕಳ ಅಂಕವನ್ನು ಕಂಡು ಹೆಮ್ಮೆಪಡುತ್ತೇವೆ. ಮರುವಾರವೇ "ಸೈನ್ಸ್ ಯಾಕೆ, ಸುಲಭದ್ದು ಯಾವುದಾದರೂ ತಗೊಳ್ಳಲಿ" ಎನ್ನುತ್ತೇವೆ. ಇದು ನ್ಯಾಯವೇ?

1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಮೊಮ್ಮಗಳು ಗಣಿತದಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ.ಎಸ್ಸಿ. ಪದವಿ ಪಡೆದು, ಅಮೆರಿಕದ ಮಿಷಿಗನ್‌ನಲ್ಲಿ ಓದಿ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ವಿಜ್ಞಾನದ ಪ್ರಾಧ್ಯಾಪಕಿಯಾದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದರು. ಒಂದು ಮನೆಯಲ್ಲಿ ಅಜ್ಜಿ ಓದಿದರೆ ಮೊಮ್ಮಗಳು ಎಲ್ಲಿಗೆ ತಲಪಬಹುದು ನೋಡಿ! ನಿಮ್ಮ ಮನೆಯಲ್ಲಿ ಆ ಅಜ್ಜಿಯ ಸ್ಥಾನದಲ್ಲಿ ಈಗ ನೀವಿರಬಹುದು.

ಹಣದ ಚಿಂತೆಗೆ ಕೆಲವು ಆಸರೆಗಳಿವೆ. ಸರಕಾರಿ ಮತ್ತು ಅನುದಾನಿತ ಶಾಲೆಯ ಎಂಟನೆಯ ತರಗತಿಯ ಮಕ್ಕಳು ಎನ್‌.ಎಂ.ಎಂ.ಎಸ್‌. ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಮುಂದೆ ಮೂಲವಿಜ್ಞಾನದಲ್ಲಿ ಪದವಿ ಮಾಡುವ ಪ್ರತಿಭಾವಂತರಿಗೆ 'ಇನ್‌ಸ್ಪೈರ್' ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿಯ ವಿದ್ಯಾರ್ಥಿವೇತನವಿದೆ.

ನೀವು ಮಾಡಬಹುದಾದದ್ದು

ಹೆತ್ತವರೇ, ನೀವು ವಿಜ್ಞಾನ ಓದಿರಬೇಕಾಗಿಲ್ಲ. ಮಗುವಿಗೆ ಇಷ್ಟವಾದ ಒಂದೇ ವಿಷಯವನ್ನು ಆರಿಸಿಕೊಳ್ಳಲು ಬಿಡಿ. ನಾಲ್ಕನ್ನೂ ಒಟ್ಟಿಗೆ ಹೇರಬೇಡಿ. ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ ಸಾಕು. ಪ್ರಶ್ನೆಗಳನ್ನು ಬರೆದಿಡಲು ಒಂದು ನೋಟ್‌ಬುಕ್ ಕೊಡಿಸಿ. ಓಣಿಯಲ್ಲೋ ಬಂಧುಗಳಲ್ಲೋ ಬಿ.ಎಸ್ಸಿ. ಓದುತ್ತಿರುವ ಒಬ್ಬ ಅಕ್ಕನೋ ಅಣ್ಣನೋ ಇದ್ದೇ ಇರುತ್ತಾರೆ. ತಿಂಗಳಿಗೊಮ್ಮೆ ಅವರನ್ನು ಚಹಾಕ್ಕೆ ಕರೆದು ಆ ನೋಟ್‌ಬುಕ್ಕನ್ನು ಮುಂದಿಡಿ. ಮಗು ಬೇಸರಪಟ್ಟರೆ ನಿಲ್ಲಿಸಿ. ಕಾಲೇಜು ಓಡಿಹೋಗುವುದಿಲ್ಲ. ಮಗು ನಿಲ್ಲಿಸಲು ಒಪ್ಪದಿದ್ದರೆ ಆಗ ನೀವು ದಾರಿ ಬಿಡಿ.

ಕಾಲೇಜಿನ ಅಧ್ಯಾಪಕರಲ್ಲೂ ಒಂದು ವಿನಂತಿ. ಹತ್ತಿರದ ಹೈಸ್ಕೂಲಿನ ನಾಲ್ಕು ಮಕ್ಕಳಿಗೆ ತಿಂಗಳಲ್ಲಿ ಒಂದು ಶನಿವಾರ ನಿಮ್ಮ ಪ್ರಯೋಗಾಲಯದ ಬಾಗಿಲು ತೆರೆಯಿರಿ. ಅವರಲ್ಲಿ ಒಬ್ಬಳು ನಾಳೆ ನಿಮ್ಮದೇ ವಿದ್ಯಾರ್ಥಿನಿಯಾಗಿ ಬರಬಹುದು.

ಇಂದು ರಾತ್ರಿ ಊಟ ಮುಗಿದ ಮೇಲೆ ಮಗುವನ್ನು ಕರೆದು, "ಇವತ್ತು ತರಗತಿಯಲ್ಲಿ ನಿನಗೆ ಯಾವುದು ಅರ್ಧಕ್ಕೆ ನಿಂತಂತೆ ಅನಿಸಿತು?" ಎಂದು ಕೇಳಿ ನೋಡಿ. ಉತ್ತರ ನಿಮಗೆ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. "ಯಾರನ್ನು ಕೇಳೋಣ?" ಎಂದಷ್ಟೇ ಹೇಳಿ. ಮಿಕ್ಕದ್ದನ್ನು ಮಗುವೇ ಹುಡುಕಿಕೊಳ್ಳುತ್ತದೆ.